ಕಷಾಯ ಕುಡಿದರೆ ಉಬ್ಬರ ಇಳಿಯುತ್ತೆ, ಎದೆಯುರಿ ಏರುತ್ತೆ: ಅಳತೆ ತಪ್ಪೋ, ಸಾಮಾನು ತಪ್ಪೋ?

ಕುಟ್ಟಾಣಿ:
ಊಟವಾಗಿ ಗಂಟೆಯೊಳಗೆ ಹೊಟ್ಟೆ ಉಬ್ಬರ, ತೇಗು. ಈಗ ಮಾಡುತ್ತಿರೋ ಕಷಾಯ ಹೀಗಿದೆ: ಓಮ, ಜೀರಿಗೆ, ಕೊತ್ತಂಬರಿ ಬೀಜ, ಕಾಳುಮೆಣಸು, ಒಣಶುಂಠಿ, ಮೆಂತ್ಯ ತಲಾ ಒಂದು ಚಮಚ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಎರಡು ಲೋಟ ನೀರಲ್ಲಿ ಮುಕ್ಕಾಲು ಗಂಟೆ ಕುದಿಸಿ ಅರ್ಧ ಲೋಟಕ್ಕೆ ಇಳಿಸೋದು. ಕುಡಿಯೋದು ಬೆಳಗ್ಗೆ ಖಾಲಿ ಹೊಟ್ಟೆಗೆ. ಬರೋದು ಲೋಳೆ ಲೋಳೆ, ಕಹಿ. ಉಬ್ಬರ ಸ್ವಲ್ಪ ಇಳಿದರೂ ಹಿಂದೆಯೇ ಎದೆಯುರಿ. ನೀರಿನ ಲೆಕ್ಕ ಎಷ್ಟಿರಬೇಕು? ಇವುಗಳಲ್ಲಿ ಯಾವುದನ್ನು ಬಿಡಬೇಕು? ಬಿಪಿ ಮಾತ್ರೆ ನಡೀತಿದೆ.

ಗ್ರಂದಿಗೆ_ಪುಡಿ:
ಮೊದಲ ತಪ್ಪು ಮಿಕ್ಸಿಯದು. ಕಷಾಯಕ್ಕೆ ಬೇಕಾದ್ದು ಜವೆಗೋಧಿ ನುಚ್ಚಿನಷ್ಟು ತರಿ. ನುಣ್ಣಗಿನ ಪುಡಿ ತಳ ಹಿಡಿದು ಸೀಯುತ್ತೆ, ಬಟ್ಟೆಯಲ್ಲಿ ಸೋಸಲೂ ಬರಲ್ಲ, ಗಸಿಯೆಲ್ಲ ಹೊಟ್ಟೆಗೇ ಹೋಗುತ್ತೆ. ಲೋಳೆ ಮೆಂತ್ಯದ್ದು. ಅದನ್ನು ಅಷ್ಟು ಹೊತ್ತು ಕುದಿಸಿದರೆ ಅಂಟಿನ ಹಾಗಾಗದೆ ಇನ್ನೇನಾಗುತ್ತೆ?

ಎರಡನೇ ತಪ್ಪು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದದ್ದು. ಬೇರು, ತೊಗಟೆ, ಗಡ್ಡೆ ಇವು ಕುದಿಯಬೇಕು. ಓಮ, ಜೀರಿಗೆ, ಸೋಂಪಿನ ಗುಣ ಇರೋದು ಆವಿಯಾಗಿ ಹೋಗುವ ಎಣ್ಣೆಯಲ್ಲಿ. ಮುಕ್ಕಾಲು ಗಂಟೆ ಕುದಿಸಿದರೆ ಅಡುಗೆಮನೆಯೆಲ್ಲ ಘಮಘಮ, ಲೋಟದಲ್ಲಿ ಬರೀ ಕಹಿ. ಇಂಥವಕ್ಕೆ ಆಯುರ್ವೇದದಲ್ಲಿ ಫಾಂಟ ಅಂತ ಬೇರೆ ಕ್ರಮವೇ ಇದೆ, ಕುದಿಸದೆ ಬಿಸಿನೀರಲ್ಲಿ ನೆನೆಸೋದು. ಬರೀ ಉಬ್ಬರಕ್ಕೆ ಇಷ್ಟು ಸಾಕು: ಓಮ ಕಾಲು ಚಮಚ, ಜೀರಿಗೆ ಅರ್ಧ, ಸೋಂಪು ಅರ್ಧ. ಕುಟ್ಟಾಣಿಯಲ್ಲಿ ಎರಡೇ ಏಟು ಹಾಕಿ, 150 ಮಿ.ಲೀ. ಕುದಿಯುವ ನೀರು ಹೊಯ್ದು, ತಟ್ಟೆ ಮುಚ್ಚಿ 10 ನಿಮಿಷ ಬಿಡಿ. ಮುಚ್ಚಳದೊಳಗೆ ಕಟ್ಟಿದ ಹನಿಯನ್ನೂ ಲೋಟಕ್ಕೇ ಬಗ್ಗಿಸಿ, ವಾಸನೆ ಇರೋದು ಅದರಲ್ಲೇ. ಊಟವಾದ ಮೇಲೆ ಗುಟುಕು ಗುಟುಕಾಗಿ ಕುಡೀರಿ.

ಕುದಿಸುವ ಕಷಾಯದ ನೀರಿನ ಲೆಕ್ಕ: ಮೆತ್ತಗಿನ ಸಾಮಾನಿಗೆ 4 ಪಟ್ಟು, ಮಧ್ಯಮಕ್ಕೆ 8, ಗಟ್ಟಿ ಬೇರು-ತೊಗಟೆಗೆ 16. ಕಾಲು ಭಾಗ ಉಳಿದಾಗ ಇಳಿಸಬೇಕು. 16 ಪಟ್ಟು ಹಾಕಿ ಎಂಟನೇ ಒಂದಕ್ಕೆ ಇಳಿಸುವ ಪಾಠವೂ ಉಂಟು, ಆದರೆ ಮನೆ ಬಳಕೆಗೆ ಅಷ್ಟು ಗಾಢ ಬೇಡ. 10 ಗ್ರಾಂ ತರಿಗೆ 160 ಮಿ.ಲೀ. ನೀರು, ಉಳಿಯೋದು 40. ಸ್ಟೀಲ್ ಪಾತ್ರೆ, ಸಣ್ಣ ಉರಿ, ಮುಚ್ಚಳ ಬೇಡ. ಮೊದಲೇ 40 ಮಿ.ಲೀ. ನೀರು ಹಾಕಿ ಒಂದು ಕಡ್ಡಿ ಅದ್ದಿ ಗುರುತು ಮಾಡಿಕೊಂಡರೆ ಕಣ್ಣಂದಾಜಿನ ತಾಪತ್ರಯ ಇರಲ್ಲ. ಕುಕ್ಕರಲ್ಲಿ ಮಾಡಬೇಡಿ, ನೀರು ಬತ್ತೋದೇ ಇಲ್ಲ.

ತಣ್ಣೀರು_ತಪ್ಪಲೆ:
ಮೇಲಿನವರು ಹೇಳಿದ ಕ್ರಮ ಸರಿ. ಆದರೆ ಎದೆಯುರಿ ಇರುವವರಿಗೆ ಓಮವನ್ನೂ ಹೇಳಬೇಕಿತ್ತೇ? ಮೆಣಸು, ಒಣಶುಂಠಿ, ಓಮ ಮೂರೂ ಖಾರ, ಮೂರೂ ಉಷ್ಣ. ಒಂದೊಂದು ಚಮಚ ಮೆಣಸು-ಶುಂಠಿ ಅರ್ಧ ಲೋಟಕ್ಕೆ ಇಳಿದು ಖಾಲಿ ಹೊಟ್ಟೆಗೆ ಬಿದ್ದರೆ ಉರಿಯದೆ ತಂಪಾಗುತ್ತಾ? ಉಬ್ಬರದ ಜೊತೆ ನಾಲಿಗೆ ದಪ್ಪ, ಹಸಿವಿಲ್ಲ, ಮೈ ಭಾರ ಅಂದರೆ ಶುಂಠಿ ಸರಿ. ಹುಳಿತೇಗು, ಗಂಟಲುರಿ ಅಂದರೆ ಕೊತ್ತಂಬರಿ ಕಡೆ ಹೋಗಿ.

ಅದನ್ನು ಕುದಿಸೋದೂ ಬೇಡ. ಎರಡು ಚಮಚ ಕೊತ್ತಂಬರಿ ಬೀಜ ಜಜ್ಜಿ, ಒಂದು ಲೋಟ ತಣ್ಣೀರಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ ಕಿವುಚಿ, ಸೋಸಿ, ಬೇಕಿದ್ದರೆ ಚೂರು ಕಲ್ಲುಸಕ್ಕರೆ ಹಾಕಿ ಕುಡಿಯಿರಿ. ಹೀಗೆ ತಣ್ಣೀರಲ್ಲಿ ನೆನೆಸಿದ್ದಕ್ಕೆ ಆಯುರ್ವೇದದಲ್ಲಿ ಹಿಮ ಅಂತ ಹೆಸರು. ಬೇಸಗೆಯಲ್ಲಿ ಹೊರಗಿಟ್ಟರೆ ಹುಳಿ ಬರುತ್ತೆ, ಮುಚ್ಚಿ ತಂಪು ಜಾಗದಲ್ಲಿಡಿ, ಅವತ್ತೇ ಮುಗಿಸಿ.

ಇನ್ನೊಂದು ಮಾತು, ಮಲೆನಾಡಿನವರು ಬೈದುಕೊಳ್ಳಬಾರದು. ಕೊತ್ತಂಬರಿ-ಜೀರಿಗೆ ಕಷಾಯ ಪುಡಿಗೆ ಹಾಲು, ಬೆಲ್ಲ ಹಾಕಿ ಕುಡಿಯೋದು ಕಾಫಿ ಬದಲಿಗೆ ಬಲು ಚೆನ್ನ. ಆದರೆ ಹಾಲು ಜೀರ್ಣವಾಗದವರು ಉಬ್ಬರಕ್ಕೆ ಮದ್ದು ಅಂತ ಅದನ್ನೇ ಕುಡಿದರೆ ಉಬ್ಬರ ಇನ್ನಷ್ಟು ಹೆಚ್ಚುತ್ತೆ. ಅಂಥವರು ಒಂದು ವಾರ ಹಾಲಿಲ್ಲದೆ ಕುಡಿದು ನೋಡಲಿ.

ಕುಟ್ಟಾಣಿ:
ಹಾಗಾದರೆ ಮೆಣಸು, ಶುಂಠಿ, ಓಮ ಬಿಟ್ಟೆ. ಧಾನ್ಯಪಂಚಕ ಅಂತ ಅಂಗಡಿಯಲ್ಲಿ ಸಿಗುತ್ತಲ್ಲ, ಅದು ಉಬ್ಬರಕ್ಕೆ ಆಗುತ್ತಾ?

ಗ್ರಂದಿಗೆ_ಪುಡಿ:
ಅದು ಮುಖ್ಯವಾಗಿ ಅಜೀರ್ಣದಿಂದ ಭೇದಿ, ಆಮ (ಸರಿಯಾಗಿ ಅರಗದೆ ಉಳಿದದ್ದು), ಹೊಟ್ಟೆನುಲಿತ ಇದ್ದಾಗಿನದು. ಕೊತ್ತಂಬರಿ, ಒಣಶುಂಠಿ, ಭದ್ರಮುಷ್ಟಿ (ತುಂಗೆ ಗಡ್ಡೆ), ಬಾಲಕ (ಮುಡಿವಾಳ), ಬಿಲ್ವದ ಎಳೆಗಾಯಿ ಸಮಸಮ. ತಲಾ 2 ಗ್ರಾಂ ಹಾಕಿದರೆ ಸರಿಯಾಗಿ 10 ಗ್ರಾಂ. ಪಿತ್ತ ಇದ್ದರೆ ಶುಂಠಿ ತೆಗೆದು ನಾಲ್ಕನ್ನೇ ಕಾಸೋದು, ಅದಕ್ಕೆ ಧಾನ್ಯಚತುಷ್ಕ ಅಂತಲೇ ಹೆಸರು. ಕೊಳ್ಳುವಾಗ ಬಿಲ್ವ ನೋಡಿ: ಎಳೆಗಾಯಿಯ ಒಣಹೋಳೇ ಆಗಬೇಕು. ಹಣ್ಣಾದದ್ದು ಮಲ ಕಟ್ಟೋ ಬದಲು ಸಡಿಲ ಮಾಡುತ್ತೆ. ಬಾಲಕದ ಜಾಗಕ್ಕೆ ಲಾವಂಚ ಕಟ್ಟಿಕೊಡೋದೂ ಉಂಟು, ಕೇಳಿ ತಗೊಳ್ಳಿ. ಮಲಬದ್ಧತೆಯ ಉಬ್ಬರಕ್ಕೆ ಇದು ಬೇಡವೇ ಬೇಡ, ಮತ್ತಷ್ಟು ಕಟ್ಟುತ್ತೆ.

ಬಾಟಲಿ ಕಷಾಯ ತಂದರೆ ಲೇಬಲ್ ಓದಿ. ಹೆಚ್ಚಿನವು ಗಾಢ ಮಾಡಿದವು, ನೀರು ಬೆರೆಸಿಯೇ ಕುಡಿಯಬೇಕು. ಅರಿಷ್ಟ ಬೇರೆ, ಅದು ಹುದುಗಿಸಿದ್ದು, ಅದರಲ್ಲಿ ಮದ್ಯಸಾರ ಇರುತ್ತೆ.

ಕಡಲತಡಿ:
ಕರಾವಳಿಯವರಿಗೊಂದು ಎಚ್ಚರಿಕೆ. ಆಟಿ ಅಮಾವಾಸ್ಯೆಗೆ ಹಾಲೆ (ಪಾಲೆ) ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿದು ಮೆಂತೆ ಗಂಜಿ ಉಣ್ಣೋದು ರೂಢಿ. ಕೆತ್ತೆ ತರೋದು ಬೆಳಕು ಹರಿಯುವ ಮೊದಲು, ಕತ್ತಲಲ್ಲಿ. ಅಲ್ಲೇ ಇರೋದು ಅಪಾಯ: ಹಾಲೆಯ ಬದಲು ಕಾಸರಕ ಮರದ ತೊಗಟೆ ಬಂದುಬಿಟ್ಟರೆ ಅದರಲ್ಲಿ ಸ್ಟ್ರಿಕ್ನಿನ್ ವಿಷ, ಮೈ ಸೆಟೆದು ಸೆಳೆತ ಬರುತ್ತೆ, ಪ್ರಾಣಕ್ಕೇ ಕುತ್ತು. ಹಾಲೆಗೆ ಒಂದೇ ಗೆಣ್ಣಿನಲ್ಲಿ ಸುತ್ತಲೂ ಏಳರ ಆಸುಪಾಸು ಎಲೆ, ಗಾಯ ಮಾಡಿದರೆ ಬಿಳಿ ಹಾಲು. ಕಾಸರಕಕ್ಕೆ ಎಲೆ ಎದುರುಬದುರು ಎರಡೆರಡು, ಹಾಲಿಲ್ಲ. ಹಿಂದಿನ ದಿನ ಹಗಲಲ್ಲೇ ಮರ ನೋಡಿ ಗುರುತು ಮಾಡಿಡಿ. ಮರ ಗೊತ್ತಿಲ್ಲದವರು ತರಲೇಬಾರದು.

ಒರಳುಕಲ್ಲು:
ಬಿಪಿ ಮಾತ್ರೆ ಅಂದಿರಿ, ಅದಕ್ಕೆ ಯಾರೂ ಉತ್ತರಿಸಿಲ್ಲ. ಎದೆಯುರಿಗೆ ಒಳ್ಳೇದು ಅಂತ ಯಾರಾದರೂ ಜ್ಯೇಷ್ಠಮಧು ಹೇಳಿದರೆ ಒಪ್ಪಬೇಡಿ. ದಿನಾ ತಗೊಂಡರೆ ಬಿಪಿ ಏರುತ್ತೆ, ಪೊಟ್ಯಾಸಿಯಂ ಇಳಿಯುತ್ತೆ. ರುಚಿಗೆ ಹಾಕುವ ಸೈಂಧವವೂ ಉಪ್ಪೇ. ರಕ್ತ ತೆಳು ಮಾಡುವ ಮಾತ್ರೆಯವರು ಶುಂಠಿ ಕಷಾಯವನ್ನೂ, ಸಕ್ಕರೆ ಕಾಯಿಲೆ ಮಾತ್ರೆಯವರು ಮೆಂತ್ಯವನ್ನೂ ವೈದ್ಯರಿಗೆ ಹೇಳದೆ ದಿನನಿತ್ಯ ಮಾಡಿಕೊಳ್ಳಬಾರದು. ಬಸುರಿಯರಿಗೆ ಗಾಢ ಕಷಾಯ ಯಾವುದೂ ಬೇಡ.

ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ರಕ್ತ ಕಂಡರೆ, ನುಂಗಲು ಕಷ್ಟವಾದರೆ, ತೂಕ ತಾನಾಗಿ ಇಳಿದರೆ ಕಷಾಯ ಕಾಸುತ್ತಾ ಕೂರಬೇಡಿ, ತೋರಿಸಿ. ಎದೆ ಹಿಂಡಿದ ಹಾಗಾಗಿ ಬೆವರು, ದವಡೆ ಅಥವಾ ಎಡಗೈಗೆ ನೋವು ಹರಿದರೆ ಗ್ಯಾಸ್ ಅಂದುಕೊಂಡು ಓಮದ ನೀರು ಕುಡಿಯೋದಲ್ಲ, ತಕ್ಷಣ 108ಕ್ಕೆ ಫೋನ್ ಮಾಡೋದು.

ಎರಡು ವಾರ ಕೊತ್ತಂಬರಿ ಹಿಮ ಕುಡಿದೂ ಉರಿ ಹಾಗೇ ಇದ್ದರೆ, ನೋವಿನ ಮಾತ್ರೆ ಏನಾದರೂ ನಡೀತಿದೆಯಾ ನೋಡಿಕೊಳ್ಳಿ, ಉರಿ ಅದರಿಂದಲೂ ಇರಬಹುದು.

ಕುಟ್ಟಾಣಿ:
ಮಂಡಿನೋವಿಗೆ ದಿನಾ ಒಂದು ಮಾತ್ರೆ ಇದೆ. ಊಟಕ್ಕೆ ಮುಂಚೆ.

ಒರಳುಕಲ್ಲು:
ಹಾಗಾದರೆ ಕಷಾಯದ ಲೆಕ್ಕ ಆಮೇಲೆ. ಆ ಮಾತ್ರೆಯ ಚೀಟಿ ಹಿಡಿದು ಬರೆದುಕೊಟ್ಟ ಡಾಕ್ಟರ ಹತ್ತಿರವೇ ಮೊದಲು ಹೋಗಿ, ಎದೆಯುರಿಯ ವಿಷಯ ಹೇಳಿ.