ಸಪ್ಪೆ ಗಾಡಿ ಕೊಟ್ಟು ಸೆಕೆಂಡ್ ಹ್ಯಾಂಡ್ ನಿಂಜಾ 650 ತಗೊಳ್ಳಬಹುದಾ? ನನ್ನ ಅನುಭವ

ಹಾಸನದ ಕಡೆಯವರೊಬ್ಬರು ಕೇಳಿದ್ದಾರೆ. ವಯಸ್ಸು 26, ಈಗ ಬೆಂಗಳೂರಿನಲ್ಲಿ ಕೆಲಸ. "ಎರಡು ವರ್ಷದ ಹಿಂದೆ ಆಸೆಪಟ್ಟು ಹೊಸ 250 ಸಿಸಿ ಬೈಕ್ ತಗೊಂಡೆ. ತೊಂಬತ್ತು ದಾಟಿದರೆ ಕೈ ಜುಮ್ ಅನ್ನುತ್ತದೆ. ಓವರ್‌ಟೇಕ್ ಮಾಡುವಾಗ ಎಳೆಯುವುದೇ ಇಲ್ಲ. ಕೈಯಲ್ಲಿ ನಾಲ್ಕು ಲಕ್ಷ ಇದೆ. 2018ರ ಕವಾಸಾಕಿ ನಿಂಜಾ 650 ಒಂದು ನೋಡಿದ್ದೇನೆ, ದೆಹಲಿ ನಂಬರ್, 3.60 ಲಕ್ಷ ಹೇಳುತ್ತಿದ್ದಾರೆ. ಹೀಗೆ ಮಾಡಿದವರು ಇದ್ದರೆ ಅನುಭವ ಹೇಳಿ. ಹಳೆ ಗಾಡಿ ಮೊದಲೇ ಮಾರಿಬಿಡಲಾ?"

ನಾನು ಮಾಡಿದ್ದು ಇದನ್ನೇ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನನ್ನದೂ 250 ಸಿಸಿ, ಒಂದೇ ಸಿಲಿಂಡರ್. ಆಫೀಸಿಗೆ ಹೋಗಿಬರಲು ಯಾವ ತೊಂದರೆಯೂ ಇರಲಿಲ್ಲ. ಹಾಸನ ದಾಟಿ ಸಕಲೇಶಪುರದ ಕಡೆ ಹೊರಟರೆ ಬೇಜಾರು ಶುರುವಾಗುತ್ತಿತ್ತು. ಮುಂದೆ ಲೋಡ್ ಲಾರಿ, ಎದುರಿನಿಂದ ಬಸ್ಸು, ನಡುವೆ ಸಿಗುವುದು ಸ್ವಲ್ಪವೇ ಜಾಗ. ಎರಡು ಗೇರ್ ಇಳಿಸಿ ಪೂರ್ತಿ ತಿರುಗಿಸಿದರೂ ಗಾಡಿ ಏಳುತ್ತಿರಲಿಲ್ಲ. ಹಿಂದೆ ಹೆಂಡತಿ ಕೂತಿದ್ದರಂತೂ ಲಾರಿಯ ಹೊಗೆ ಕುಡಿದುಕೊಂಡೇ ಹೋಗಬೇಕಿತ್ತು. ಹಾಗಾಗಿ ನಿಮ್ಮ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅದು ಬರೀ ಶೋಕಿ ಅಲ್ಲ.

2021ರಲ್ಲಿ 2018ರ ನಿಂಜಾ 650 ತಗೊಂಡೆ, ಇದಕ್ಕೆ ಎರಡು ಸಿಲಿಂಡರ್. ಆಗ ಅದು ಓಡಿದ್ದು 14 ಸಾವಿರ ಕಿಲೋಮೀಟರ್. ಕರ್ನಾಟಕದ್ದೇ ನಂಬರ್, ಒಬ್ಬರೇ ಮಾಲೀಕರು. 4.10 ಲಕ್ಷ ಕೊಟ್ಟೆ. ಆಮೇಲೆ ನಾನೇ 31 ಸಾವಿರ ಓಡಿಸಿದ್ದೇನೆ. ತಗೊಂಡಿದ್ದು ತಪ್ಪಾಯ್ತು ಅಂತ ಒಂದು ದಿನವೂ ಅನ್ನಿಸಿಲ್ಲ. ಆದರೆ ಮೊದಲ ಆರು ತಿಂಗಳಲ್ಲಿ ಮಾಡಿದ ತಪ್ಪುಗಳು ಬೇಕಾದಷ್ಟಿವೆ. ಅವು ನಿಮಗೆ ಆಗಬಾರದು.

ಮೊದಲು ದೆಹಲಿ ನಂಬರಿನ ವಿಷಯ. 3.60 ಅನ್ನುವುದು ಅದರ ಪೂರ್ತಿ ಬೆಲೆ ಅಲ್ಲ. ಬೇರೆ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಇಲ್ಲಿಯ ನಂಬರ್ ಮಾಡಿಸಲೇಬೇಕು. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ ಬೇಕು, ಅದು ಫಾರ್ಮ್ 28. ಇಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕು. ಗಾಡಿ ಹೊಸದಿದ್ದಾಗಿನ ಬೆಲೆ ಮತ್ತು ಅದರ ವಯಸ್ಸು ನೋಡಿ ಲೆಕ್ಕ ಹಾಕುತ್ತಾರೆ. ನನ್ನ ಸ್ನೇಹಿತ ಇಂಥದ್ದೇ ಒಂದು ಗಾಡಿ ತಂದ. ತೆರಿಗೆಯೇ ಅರವತ್ತು ಸಾವಿರದ ಮೇಲಾಯ್ತು. ಎನ್‌ಒಸಿ ಬರಲು ನಾಲ್ಕು ತಿಂಗಳು ಕಾದ. ಅಷ್ಟು ದಿನವೂ ಪೊಲೀಸರು ಕೈ ಅಡ್ಡ ಹಾಕಿದಾಗಲೆಲ್ಲ ಅವನಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ನಿಮ್ಮ ಹತ್ತಿರ ಇರುವುದು ನಾಲ್ಕು ಲಕ್ಷ. 3.60 ಕೊಟ್ಟು, ತೆರಿಗೆ ಕಟ್ಟಿದರೆ ಅಲ್ಲೇ ಮುಗಿಯಿತು. ಟೈರಿಗೆ ಏನು ಮಾಡುತ್ತೀರಿ?

ಟೈರ್ ಅಂದೆನಲ್ಲ, ಅದೇ ನನ್ನ ಮೊದಲ ತಪ್ಪು. ಇದ್ದ ದುಡ್ಡನ್ನೆಲ್ಲ ಗಾಡಿಗೇ ಸುರಿದೆ. ಟೈರಿನ ಮೇಲೆ ಅಚ್ಚು ಚೆನ್ನಾಗಿತ್ತು, ಖುಷಿಪಟ್ಟೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2317 ಅಂದರೆ 2017ರ ಇಪ್ಪತ್ತಮೂರನೇ ವಾರ ತಯಾರಾದದ್ದು. ನಾನು ಅದನ್ನು ನೋಡಲೇ ಇಲ್ಲ. ಗಾಡಿಯ ಜೊತೆ ಬಂದ ಟೈರೇ ಹಾಗೇ ಇತ್ತು, ರಬ್ಬರ್ ಗಟ್ಟಿಯಾಗಿ ಕಲ್ಲಿನ ಹಾಗಾಗಿತ್ತು. ಮೊದಲ ಮಳೆಗೆ ರೌಂಡ್‌ಅಬೌಟಿನಲ್ಲಿ ಹಿಂದಿನ ಚಕ್ರ ಜಾರಿತು. ಬೀಳಲಿಲ್ಲ, ಪುಣ್ಯ. ಮಾರನೇ ದಿನವೇ ಎರಡೂ ಟೈರ್ ಬದಲಾಯಿಸಿದೆ. ಹಿಂದಿನದು 160/60, ಮುಂದಿನದು 120/70. ಎರಡಕ್ಕೂ ಸೇರಿ ಮೂವತ್ತು ಸಾವಿರದ ಹತ್ತಿರ ಆಯ್ತು. ನಂತರ ಚೈನ್, ಸ್ಪ್ರಾಕೆಟ್, ಬ್ರೇಕ್ ಪ್ಯಾಡ್, ಬ್ಯಾಟರಿ ಒಂದರ ಹಿಂದೆ ಒಂದು ಬಂದವು. ಮೊದಲ ವರ್ಷ ಗಾಡಿಗೆ ಹಾಕಿದ್ದೇ ಎಪ್ಪತ್ತು ಸಾವಿರ. ಅದಕ್ಕೇ ಹೇಳುತ್ತಿದ್ದೇನೆ, ನಾಲ್ಕು ಲಕ್ಷ ಇದ್ದರೆ ಮೂರು ಕಾಲು ಲಕ್ಷದ ಗಾಡಿ ನೋಡಿ.

ಈಗ ನೋಡುವ ಬಗೆ. ಮಾರುವವರಿಗೆ ಮೊದಲೇ ಹೇಳಿ, "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಅಂತ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಯಾಕೆ ಅಂತ ಕೇಳಿ. ತಣ್ಣಗಿರುವಾಗ ಸ್ಟಾರ್ಟ್ ಆಗುವ ರೀತಿ, ಬರುವ ಸದ್ದು, ಹೊಗೆಯ ಬಣ್ಣ, ಇವೆಲ್ಲ ಬಿಸಿಯಾದ ಎಂಜಿನ್‌ನಲ್ಲಿ ಅಡಗಿಹೋಗುತ್ತವೆ.

ಆಮೇಲೆ ಬಿದ್ದ ಗಾಡಿಯಾ ಅಂತ ಹುಡುಕಿ. ಫೇರಿಂಗ್, ಅಂದರೆ ಮೈ ಮುಚ್ಚುವ ಪ್ಲಾಸ್ಟಿಕ್ ಕವಚ, ಹೊಸದಾಗಿ ಹೊಳೆಯುತ್ತಿದ್ದರೆ ಅದಕ್ಕೆ ಮರುಳಾಗಬೇಡಿ. ಬಣ್ಣ ಹೊಡೆಸುವುದು ಸುಲಭ. ಹ್ಯಾಂಡಲ್ ತುದಿ, ಕ್ಲಚ್ ಮತ್ತು ಬ್ರೇಕ್ ಲಿವರ್‌ನ ತುದಿ, ಫುಟ್‌ರೆಸ್ಟಿನ ತುದಿ, ಎಂಜಿನ್ ಕವರಿನ ಅಂಚು, ಇಲ್ಲಿ ಉಜ್ಜಿದ ಗುರುತು ನೋಡಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಅದು ಹೋಗಿ ನಿಲ್ಲುವ ಜಾಗದಲ್ಲಿ ಫ್ರೇಮಿಗೆ ಒಂದು ಸಣ್ಣ ತಡೆ ಇರುತ್ತದೆ. ಅದು ಜಜ್ಜಿಹೋಗಿದ್ದರೆ ಅಥವಾ ಮುರಿದಿದ್ದರೆ ಗಾಡಿ ಜೋರಾಗಿಯೇ ಬಿದ್ದಿದೆ. ಅಂಥದ್ದು ಬೇಡವೇ ಬೇಡ. ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಮೆಕ್ಯಾನಿಕ್ ಅಣ್ಣ. ಅವರನ್ನು ಕರೆದುಕೊಂಡು ಹೋಗಿ ಮೂರು ಗಾಡಿ ನೋಡಿದ್ದೆ. ಎರಡು ಅಲ್ಲೇ ಬಿಟ್ಟು ಬಂದೆವು. ಅವರಿಗೆ ಕೊಟ್ಟ ಎರಡು ಸಾವಿರದಷ್ಟು ಚೆನ್ನಾಗಿ ಖರ್ಚಾದ ದುಡ್ಡು ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಶಾಕ್ ಅಬ್ಸಾರ್ಬರ್, ಒತ್ತಿ ಬಿಡಿ, ಬೆರಳಿಗೆ ಆಯಿಲ್ ಹತ್ತಿದರೆ ಸೀಲ್ ಹೋಗಿದೆ. ಅದು ದೊಡ್ಡ ವಿಷಯವಲ್ಲ, ಬೆಲೆ ಇಳಿಸಲು ಹೇಳಿ. ಚೈನನ್ನು ಹಿಂದಿನ ಸ್ಪ್ರಾಕೆಟಿನ ಹಿಂಬದಿಯಲ್ಲಿ ಹಿಡಿದು ಎಳೆಯಿರಿ. ಹಲ್ಲು ಬಿಟ್ಟು ಮೇಲೆದ್ದರೆ ಸೆಟ್ಟೇ ಬದಲಾಗಬೇಕು. ಸೈಲೆನ್ಸರ್ ಬೇರೆ ಹಾಕಿಸಿದ್ದರೆ ಕಂಪನಿಯದ್ದು ಎಲ್ಲಿದೆ ಅಂತ ಕೇಳಿ. ಗುಡುಗುವ ಸೈಲೆನ್ಸರಿಗೆ ಪೊಲೀಸರು ದಂಡ ಹಾಕುತ್ತಾರೆ, ಮನೆಯ ಅಕ್ಕಪಕ್ಕದವರ ಶಾಪ ಬೇರೆ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಆರ್‌ಸಿಯ ಚಾಸಿಸ್ ನಂಬರನ್ನು ಗಾಡಿಯ ಮೇಲಿನ ನಂಬರಿಗೆ ಹೋಲಿಸಿ. ಸಾಲ ಇತ್ತಾ ನೋಡಿ. ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ವರ್ಗಾವಣೆಗೆ ಫಾರ್ಮ್ 29 ಮತ್ತು 30. ಬಾಕಿ ದಂಡ ಎಷ್ಟಿದೆ ಅಂತ ನಂಬರ್ ಹಾಕಿ ನೋಡಿ, ಅದನ್ನು ಮಾರುವವರೇ ಕಟ್ಟಲಿ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಗಾಡಿಗೆ ಆದ ಹಾನಿಗೆ ಕ್ಲೇಮ್ ಸಿಗುವುದು ಕಷ್ಟ. ಅವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಮಾಲೀಕರ ಜೊತೆ ಹೋಗುತ್ತದೆ. 350 ಸಿಸಿ ಮೇಲಿನ ಗಾಡಿಗೆ ಥರ್ಡ್ ಪಾರ್ಟಿ ವಿಮೆಯೂ (ಬೇರೆಯವರಿಗೆ ಆದ ಹಾನಿಗೆ ಇರುವುದು) ಜಾಸ್ತಿ. 2022ರ ದರದಲ್ಲಿ ವರ್ಷಕ್ಕೆ 2,804 ರೂಪಾಯಿ. ನಿಮ್ಮ 250ಕ್ಕೆ ಅದೇ 1,366.

ಇನ್ನು ಓಡಿಸುವುದು. ನನಗೆ ಮನಸ್ಸಿಟ್ಟು ಹೇಳಬೇಕು ಅನ್ನಿಸುವುದು ಇದನ್ನೇ. ನಿಮ್ಮ ಗಾಡಿಯ ಶಕ್ತಿ ಇಪ್ಪತ್ತೈದು ಪಿಎಸ್ (ಕುದುರೆ ಶಕ್ತಿಯ ಅಳತೆ) ಆಸುಪಾಸು ಇರಬಹುದು. ನಿಂಜಾ 650ಯದು 68. ತೂಕ 190 ಕಿಲೋ ದಾಟುತ್ತದೆ. ಎರಡನೇ ಗೇರಿನಲ್ಲೇ ನೂರು ದಾಟಿಬಿಡುತ್ತದೆ. ಸದ್ದಿಲ್ಲ, ನಡುಕವಿಲ್ಲ, ಹಾಗಾಗಿ ಎಷ್ಟು ವೇಗದಲ್ಲಿದ್ದೇವೆ ಅಂತ ಮೈಗೆ ಗೊತ್ತೇ ಆಗುವುದಿಲ್ಲ. ಹಳೆ ಗಾಡಿಯಲ್ಲಿ ಕೈ ಜುಮ್ ಅಂದಾಗ ನಾವೇ ವೇಗ ಇಳಿಸುತ್ತಿದ್ದೆವು, ಅಲ್ವಾ? ಇದರಲ್ಲಿ ಆ ಎಚ್ಚರಿಕೆ ಇಲ್ಲ. ನೂರರ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗಿರುತ್ತೀರಿ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ನಮ್ಮ ರಸ್ತೆಯಲ್ಲಿ ಬಣ್ಣ ಹೊಡೆಯದ ಹಂಪ್, ನಾಯಿ, ರಾಂಗ್ ಸೈಡಿನಲ್ಲಿ ಬರುವ ಟ್ರ್ಯಾಕ್ಟರ್ ಇದ್ದೇ ಇರುತ್ತವೆ.

ನನಗೆ ಪಾಠವಾದದ್ದು ಚಾರ್ಮಾಡಿ ಘಾಟಿಯಲ್ಲಿ. ಗಾಡಿ ತಗೊಂಡು ಎರಡು ತಿಂಗಳಾಗಿತ್ತು. ಒಂದು ಎಡ ತಿರುವಿಗೆ ಹಳೆ ಅಭ್ಯಾಸದಲ್ಲೇ ಬಂದೆ. ಆದರೆ ಹಳೆ ಗಾಡಿಯ ವೇಗ ಅದಾಗಿರಲಿಲ್ಲ. ಎದುರಿನ ಕಟ್ಟೆಗೆ ಕಣ್ಣು ನೆಟ್ಟಿತು. ಕಣ್ಣು ಎಲ್ಲಿ ನೆಟ್ಟಿತೋ ಗಾಡಿಯೂ ಅಲ್ಲಿಗೇ ಹೋಗುತ್ತದೆ. ರಸ್ತೆಯ ಬಲಭಾಗಕ್ಕೆ ಪೂರ್ತಿ ಹೋಗಿಬಿಟ್ಟೆ. ಆ ಕ್ಷಣದಲ್ಲಿ ಎದುರಿಗೆ ಯಾವ ವಾಹನವೂ ಇರಲಿಲ್ಲ, ಅಷ್ಟೇ. ಗಾಡಿ ನಿಲ್ಲಿಸಿ ಕಾಲು ಗಂಟೆ ಕೂತೆ. ಆಮೇಲೆ ಒಂದು ತಿಂಗಳು ಪ್ರತಿ ಭಾನುವಾರ ಬೆಳಗ್ಗೆ ಖಾಲಿ ಲೇಔಟಿಗೆ ಹೋಗಿ ಬ್ರೇಕ್ ಹಿಡಿಯುವುದನ್ನೇ ಅಭ್ಯಾಸ ಮಾಡಿದೆ. ನಲವತ್ತರಲ್ಲಿ, ಅರವತ್ತರಲ್ಲಿ. ಮುಂದಿನ ಬ್ರೇಕನ್ನು ಒಮ್ಮೆಲೇ ಕಿತ್ತುಕೊಳ್ಳದೆ, ಹಿಂಡುತ್ತಾ ಹೋಗುವುದು. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡಿದರೆ ಲಿವರ್ ಹೇಗೆ ಮಿಡಿಯುತ್ತದೆ ಅಂತ ತಿಳಿದುಕೊಳ್ಳುವುದು. ದಯವಿಟ್ಟು ನೀವು ಇದನ್ನು ಮೊದಲ ವಾರವೇ ಮಾಡಿ. ಸಾಧ್ಯವಾದರೆ ಶ್ರೀಪೆರಂಬದೂರಿನ ಹತ್ತಿರದ ರೇಸ್ ಟ್ರ್ಯಾಕಿನಲ್ಲೋ ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲೋ ಒಂದು ದಿನ ತರಬೇತಿಗೂ ಹೋಗಿಬನ್ನಿ. ಹೆಲ್ಮೆಟ್, ಜಾಕೆಟ್, ಗ್ಲೌಸ್, ಬೂಟಿಗೆ ಇಟ್ಟ ದುಡ್ಡನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ.

ಬೆಂಗಳೂರಿನ ದಿನನಿತ್ಯದ ಓಡಾಟಕ್ಕೆ ಇದು ಬೇಕಾ ಅಂದರೆ ಬೇಡ ಅನ್ನುತ್ತೇನೆ. ಸಿಲ್ಕ್ ಬೋರ್ಡಿನಲ್ಲಿ ಇಪ್ಪತ್ತು ನಿಮಿಷ ನಿಂತರೆ ಫ್ಯಾನ್ ಓಡುತ್ತಲೇ ಇರುತ್ತದೆ, ತೊಡೆಗೆ ಬಿಸಿ ಹೊಡೆಯುತ್ತದೆ. ಅಡಿಯಲ್ಲಿ 130 ಮಿಲಿಮೀಟರ್ ಜಾಗ ಮಾತ್ರ, ಎತ್ತರದ ಹಂಪ್ ಓರೆಯಾಗಿ ದಾಟಬೇಕು. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟಿನಿಂದ ಬೈಕ್ ಬಿಡುವುದಿಲ್ಲ, 650 ಆದರೂ ಸರ್ವಿಸ್ ರಸ್ತೆಯೇ. ಆದರೆ ನೀವು ತಿಂಗಳಿಗೆ ಎರಡು ಸಲ ಹಾಸನಕ್ಕೆ ಹೋಗುವವರಾದರೆ, ಆ ನಾಲ್ಕು ಲೇನಿನ ರಸ್ತೆಯಲ್ಲಿ ಬೆಳಗಿನ ಆರು ಗಂಟೆಗೆ, ಎಂಬತ್ತು ತೊಂಬತ್ತರಲ್ಲಿ ಆರನೇ ಗೇರಿನಲ್ಲಿ ಎಂಜಿನ್ ಗುನುಗುತ್ತಾ ಹೋಗುವ ಸುಖ ಇದೆಯಲ್ಲ, ಅದು ಸಿಗುತ್ತದೆ. ಸಕಲೇಶಪುರದ ಕಡೆ ಲಾರಿ ದಾಟಲು ಈಗ ನನಗೆ ಮೂರು ಸೆಕೆಂಡು ಸಾಕು.

ನನ್ನ ಜೊತೆಯವರ ಅನುಭವವನ್ನೂ ಹೇಳುತ್ತೇನೆ. ನನ್ನ ಚಿಕ್ಕಪ್ಪನ ಮಗ ನಿಂಜಾ 300 ಇಟ್ಟುಕೊಂಡಿದ್ದಾನೆ. ಎರಡು ಸಿಲಿಂಡರ್, 39 ಪಿಎಸ್. ನಡುಕ ಇಲ್ಲ, ಖರ್ಚು ಕಡಿಮೆ, ದಿನವೂ ಆಫೀಸಿಗೆ ತಗೊಂಡು ಹೋಗುತ್ತಾನೆ. ನಿಮಗೆ ಬೇಕಿರುವುದು ನಡುಕ ಹೋಗುವುದು, ಸ್ವಲ್ಪ ಎಳೆತ ಸಿಗುವುದು, ಅಷ್ಟೇ ಆದರೆ ಇದನ್ನು ಒಮ್ಮೆ ಓಡಿಸಿ ನೋಡಿ. ಆಫೀಸಿನ ಗೆಳೆಯನದು ಕೆಟಿಎಂನ ಆರ್‌ಸಿ 390 ಬೈಕ್. ಘಾಟಿಯಲ್ಲಿ ನನಗಿಂತ ಚುರುಕು ಅವನೇ. ಬಗ್ಗಿ ಕೂರಬೇಕು, ಮಣಿಕಟ್ಟಿನ ಮೇಲೆ ಭಾರ ಬೀಳುತ್ತದೆ. ಇನ್ನೊಬ್ಬ ಗೆಳೆಯ 150 ಸಿಸಿಯಿಂದ ಸೀದಾ ನಾಲ್ಕು ಸಿಲಿಂಡರಿನ 600ಕ್ಕೆ ಹಾರಿದ. ಅದರ ಶಕ್ತಿಯೆಲ್ಲ ಮೇಲಿನ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ತುಂಬ ಜೋರಾಗಿ ತಿರುಗುವಾಗ. ಅಲ್ಲಿಗೆ ಮುಟ್ಟುವ ಧೈರ್ಯ ಅವನಿಗೆ ಬರಲಿಲ್ಲ, ಊರಲ್ಲಿ ಅವಕಾಶವೂ ಇಲ್ಲ. ಎಂಟೇ ತಿಂಗಳಿಗೆ ಮಾರಿದ. ಈಗ ಗಾಡಿಯೇ ಇಲ್ಲ. ಅದು ನನಗೆ ತುಂಬ ಬೇಸರದ ವಿಷಯ, ಯಾಕಂದರೆ ನನಗೆ ಕ್ಲಚ್ ಹಿಡಿಯಲು ಕಲಿಸಿದವನೇ ಅವನು.

ನನ್ನ ಮಾತು ಕೇಳುವುದಾದರೆ ದೆಹಲಿಯದ್ದು ಬಿಡಿ. ಕರ್ನಾಟಕ ನಂಬರಿನ 650 ಸಿಗುವ ತನಕ ಕಾಯಿರಿ, ಎರಡು ಮೂರು ತಿಂಗಳಾದರೂ ಪರವಾಗಿಲ್ಲ. ಈ ಸಮಯದಲ್ಲಿ ಈಗಿನ ಗಾಡಿಯ ಚೈನ್ ಬಿಗಿ, ಟೈರಿನ ಗಾಳಿ, ಎಂಜಿನ್ ಹಿಡಿದಿರುವ ಬೋಲ್ಟುಗಳನ್ನು ಒಮ್ಮೆ ನೋಡಿಸಿ. ಒಂದೇ ಸಿಲಿಂಡರಿನ ನಡುಕ ಪೂರ್ತಿ ಹೋಗುವುದಿಲ್ಲ, ಆದರೆ ಸ್ವಲ್ಪ ಕಡಿಮೆಯಾದರೆ ಮಾರುವಾಗ ಒಳ್ಳೆ ಬೆಲೆಯಾದರೂ ಬರುತ್ತದೆ.

ಮೊದಲೇ ಮಾರಿಬಿಡಲಾ ಅಂತ ಕೇಳಿದ್ದೀರಿ. ಬೇಡ. ಕೈಯಲ್ಲಿ ಗಾಡಿ ಇಲ್ಲದಿದ್ದರೆ ಅವಸರಕ್ಕೆ ಬಿದ್ದು ಸಿಕ್ಕಿದ್ದನ್ನು ತಗೊಳ್ಳುತ್ತೀರಿ. ನನಗೆ ಹೊಸ ಆರ್‌ಸಿ ಕೈಗೆ ಬರಲು ಆರು ವಾರ ಹಿಡಿಯಿತು. ಅಷ್ಟೂ ದಿನ ಆರ್‌ಟಿಒಗೆ ಅಲೆದಿದ್ದು ಹಳೆ 250ರಲ್ಲೇ. ಆರ್‌ಸಿ ಬಂದ ವಾರವೇ ಅದನ್ನು ಮಾರಿದೆ, ತಗೊಂಡದ್ದು ತುಮಕೂರಿನ ಕಾಲೇಜು ಹುಡುಗ. ಅವನಿಗೆ ಆ ಗಾಡಿ ತುಂಬ ಇಷ್ಟವಾಯ್ತು.