8ನೇ ತರಗತಿ, ವಾರಕ್ಕೊಂದೇ ಗ್ರಂಥಾಲಯ ಪೀರಿಯಡ್: ಯೋಚಿಸಿ ಓದುವುದನ್ನೂ ಫೋನ್ ವಿವೇಕವನ್ನೂ ಒಟ್ಟಿಗೆ ಕಲಿಸುವುದು ಹೇಗೆ?

ಕನ್ನಡ ಟೀಚರ್, ವಿಜಯನಗರ

ನಮ್ಮದು ಅನುದಾನಿತ ಪ್ರೌಢಶಾಲೆ. 8ನೇ ತರಗತಿಯಲ್ಲಿ 44 ಮಕ್ಕಳು. ಗ್ರಂಥಾಲಯಕ್ಕೆ ವಾರಕ್ಕೆ 40 ನಿಮಿಷದ ಒಂದೇ ಪೀರಿಯಡ್. ಲ್ಯಾಬಿನಲ್ಲಿ ಕೆಲಸ ಮಾಡುವ ಕಂಪ್ಯೂಟರ್ 11, ಪ್ರೊಜೆಕ್ಟರ್ ಒಂದು.

ಓದಿದ್ದರ ಬಗ್ಗೆ ಬರೆಯಿರಿ ಅಂದರೆ ಎಲ್ಲರದ್ದೂ ಒಂದೇ ಅಚ್ಚು: ಐದು ಸಾಲು ಸಾರಾಂಶ, ಕೊನೆಗೆ 'ಈ ಕಥೆಯ ನೀತಿ'. ಈಚೆಗೆ ಆ ಐದು ಸಾಲನ್ನೂ ಫೋನಿನಲ್ಲಿ ಎಐ ಕೈಯಲ್ಲಿ ಬರೆಸಿಕೊಂಡು ಬರುತ್ತಾರೆ. ಇತ್ತ ಮಕ್ಕಳೇ ಮಾಡಿಕೊಂಡಿರುವ ವಾಟ್ಸಾಪ್ ಗ್ರೂಪಿನಲ್ಲಿ ಸುಳ್ಳು ಮಳೆ ರಜೆಯ ಆದೇಶ, ಸಹಪಾಠಿಗಳ ಫೋಟೊ ತಿದ್ದಿ ಅಣಕಿಸುವುದು ನಡೆದಿದೆ. ಎರಡಕ್ಕೂ ಸೇರಿಸಿ ಒಂದು ಟರ್ಮ್‌ಗೆ ಯೋಜನೆ ಹಾಕಿಕೊಡಿ ಎಂದು ಹೆಡ್‌ಮಾಸ್ಟರ್ ಕೇಳಿದ್ದಾರೆ. 'ಮಕ್ಕಳಿಗೆ ಅರಿವು ಮೂಡಿಸಿ' ಎಂಬಂಥ ಸಲಹೆ ಬೇಡ, ಸೋಮವಾರ ತರಗತಿಗೆ ಹೋಗಿ ಏನು ಮಾಡಬೇಕು ಎಂಬುದು ಬೇಕು.

ಗ್ರಂಥಪಾಲಕಿ, ಬಸವನಗುಡಿ

ಟೀಚರ್, ಮೊದಲು ಸಾರಾಂಶ ಬರೆಸುವುದನ್ನು ನಿಲ್ಲಿಸಿ. 'ನೀತಿ'ಯನ್ನೂ. ಸಾರಾಂಶ ಎಐಗೆ ನೀರು ಕುಡಿದಷ್ಟು ಸಲೀಸು, ಹಾಗಾಗಿ ಮಕ್ಕಳು ಅದನ್ನು ಅದಕ್ಕೇ ಒಪ್ಪಿಸುತ್ತಾರೆ. ಅದಕ್ಕೆ ಗೊತ್ತಿರಲು ಸಾಧ್ಯವೇ ಇಲ್ಲದ್ದನ್ನು ಕೇಳಿ: ಓದುತ್ತಾ ನೀನು ಯಾವ ವಾಕ್ಯದಲ್ಲಿ ನಿಂತೆ, ಯಾಕೆ?

ಇದಕ್ಕೆ ಮಗುವಿಗೊಂದು 100 ಪುಟದ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಓದಿದ್ದರಿಂದ ಒಂದೇ ಒಂದು ವಾಕ್ಯ, ಪುಟಸಂಖ್ಯೆಯ ಸಮೇತ. ಬಲಪುಟದಲ್ಲಿ ಅದಕ್ಕೆ ಮಗುವಿನ ಮಾತು, 4ರಿಂದ 6 ಸಾಲು. ಅರ್ಥವಾಗದ್ದು, ಒಪ್ಪಿಗೆಯಾಗದ್ದು, ಮನೆಯಲ್ಲೋ ಬೀದಿಯಲ್ಲೋ ಕಂಡ ಅಂಥದ್ದೇ ಸಂಗತಿ, ಬರೆದವರನ್ನು ಕೇಳಬೇಕೆನಿಸಿದ ಪ್ರಶ್ನೆ, ಇವುಗಳಲ್ಲಿ ಯಾವುದಾದರೂ ಒಂದು.

ಪಠ್ಯ 300ರಿಂದ 400 ಪದ ಮೀರದಿರಲಿ, ಎ4 ಹಾಳೆಯ ಒಂದು ಮಗ್ಗುಲಲ್ಲಿ ಮುಗಿಯಬೇಕು. 5 ನಿಮಿಷ ನೀವು ಮೊದಲ ಪ್ಯಾರಾ ಗಟ್ಟಿಯಾಗಿ ಓದಿ. ಆಮೇಲೆ 12 ನಿಮಿಷ ಮೌನವಾಗಿ ಓದು, 8 ನಿಮಿಷ ಬರವಣಿಗೆ, 5 ನಿಮಿಷ ಪಕ್ಕದವರ ಜೊತೆ ನೋಟ್‌ಬುಕ್ ಅದಲುಬದಲು, ಉಳಿದ 10 ನಿಮಿಷ ತರಗತಿಯೆಲ್ಲ ಸೇರಿ ಮಾತು. ಸಮಯ ಸಾಲದೆ ಬಂದರೆ ಕೊನೆಯ ಮಾತನ್ನು ಮೊಟಕು ಮಾಡಿ, ಬರವಣಿಗೆಯನ್ನಲ್ಲ. ಮನೆಗೆ ಕೊಟ್ಟುಕಳಿಸಿದರೆ ಮತ್ತೆ ಫೋನಿನ ಉತ್ತರವೇ ಬರುತ್ತದೆ.

ಕೆಡುವುದು ಎಲ್ಲಿ ಅಂದರೆ, ಮೊದಲ ವಾರಗಳಲ್ಲಿ ಅರ್ಧ ತರಗತಿ ಹಾಳೆಯ ಮೊದಲ ವಾಕ್ಯವನ್ನೇ ಎತ್ತಿ ಬರೆಯುತ್ತದೆ. ಮುಂದಕ್ಕೆ ಓದಿರುವುದಿಲ್ಲ, ಅಥವಾ ತಪ್ಪಾದೀತೆಂಬ ಹೆದರಿಕೆ. ಮೊದಲ ಪ್ಯಾರಾದಿಂದ ಆರಿಸುವಂತಿಲ್ಲ ಎಂದು ನಿಯಮ ಮಾಡಿ. ಬಲಪುಟದಲ್ಲಿ 'ತುಂಬಾ ಚೆನ್ನಾಗಿದೆ' ಎಂದಷ್ಟೇ ಬಂದರೆ ಮಗುವನ್ನು ಗದರಬೇಡಿ, ಮಾದರಿ ನೋಡಿಲ್ಲ ಎಂದು ಅರ್ಥ. ಬೋರ್ಡಿನ ಮೇಲೆ ನೀವೇ ಒಂದು ವಾಕ್ಯ ಬರೆದು, ನಿಮಗೆ ನಿಜವಾಗಿ ಇರುವ ಅನುಮಾನವನ್ನು ಪಕ್ಕದಲ್ಲಿ ಬರೆದು ತೋರಿಸಿ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆಯನ್ನು ಮಕ್ಕಳು ಕ್ಷಣದಲ್ಲಿ ಹಿಡಿದುಬಿಡುತ್ತಾರೆ.

ಇನ್ನು ಕೆಂಪು ಶಾಯಿ. ಬಲಪುಟದಲ್ಲಿ ಅಲ್ಪಪ್ರಾಣ-ಮಹಾಪ್ರಾಣ ತಿದ್ದಿದ ದಿನವೇ ಮಗು ಗೊತ್ತಿರುವ ಪದಗಳನ್ನಷ್ಟೇ ಬಳಸಲು ಶುರುಮಾಡುತ್ತದೆ. ಕಾಗುಣಿತಕ್ಕೆ ಬೇರೆ ಪೀರಿಯಡ್ ಇದೆ. ವಾರಕ್ಕೆ 11 ನೋಟ್‌ಬುಕ್ ನೋಡಿ, ನಾಲ್ಕು ವಾರಕ್ಕೆ ಒಂದು ಸುತ್ತು ಮುಗಿಯುತ್ತದೆ. ಅಂಕ ಬೇಡ, ಅಡಿಯಲ್ಲಿ ಒಂದು ಪ್ರಶ್ನೆ ಬರೆದರೆ ಸಾಕು.

ಎಐ ಬರೆದದ್ದೇ ಎಂದು ಕಂಡುಹಿಡಿಯುವ ಆ್ಯಪ್‌ಗಳನ್ನು ನಂಬಿ ಯಾವ ಮಗುವಿನ ಮೇಲೂ ಆರೋಪ ಹೊರಿಸಬೇಡಿ. ಸ್ವಂತವಾಗಿ ಬರೆದ ಮಗು ಅದರಲ್ಲಿ ಸಿಕ್ಕಿಬೀಳುವುದುಂಟು. ಅನುಮಾನವಿದ್ದರೆ ಪುಸ್ತಕ ಮುಚ್ಚಿಸಿ, 'ಬಲಪುಟದಲ್ಲಿ ಏನು ಹೇಳಿದೀಯ, ಒಂದು ನಿಮಿಷ ಹೇಳು' ಅನ್ನಿ. ಅಷ್ಟರಲ್ಲೇ ಗೊತ್ತಾಗುತ್ತದೆ.

ಓದಲು ಏನು ಕೊಡುವುದು? ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡ ಕಥೆಗಳಿವೆ. ಓದುವ ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ, 8ನೇ ತರಗತಿಗೆ 4ನೇ ಮಟ್ಟದ್ದು ನೋಡಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಪ್ರಿಂಟ್ ತೆಗೆದು ಹಂಚಬಹುದು, ಆದರೆ ಬರೆದವರು, ಚಿತ್ರ ಬಿಡಿಸಿದವರು, ಅನುವಾದಿಸಿದವರ ಹೆಸರಿರುವ ಸಾಲನ್ನು ಕತ್ತರಿಸಬಾರದು. ಆ ಸಾಲು ಹಾಳೆಯಲ್ಲಿ ಯಾಕಿದೆ ಎಂದು ಮಕ್ಕಳಿಗೆ ಹೇಳಿ, ನಿಮ್ಮ ಡಿಜಿಟಲ್ ಪಾಠ ಅಲ್ಲೇ ಆರಂಭವಾಗುತ್ತದೆ. ಕಥೆಯೊಂದನ್ನೇ ಕೊಡಬೇಡಿ. ಪತ್ರಿಕೆಯ ವರದಿ, ಕೆರೆಯ ಬಗ್ಗೆ ಲೇಖನ, ಔಷಧಿಯ ಚೀಟಿ ಕೂಡ ಪಠ್ಯವೇ.

ಕಂಪ್ಯೂಟರ್ ಮೇಷ್ಟ್ರು, ಯಲಹಂಕ

ಮೇಡಂ ಹೇಳಿದ ನೋಟ್‌ಬುಕ್ಕನ್ನೇ ಲ್ಯಾಬಿಗೂ ತನ್ನಿ. 'ಸೈಬರ್ ಜಾಗೃತಿ ದಿನ' ಎಂದು ಬೇರೆ ಮಾಡಿ ಒಂದು ಗಂಟೆ ಸ್ಲೈಡ್ ತೋರಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಮಕ್ಕಳು ಅದರಿಂದ ಹೆದರಿಕೆಯನ್ನಷ್ಟೇ ಕಲಿಯುತ್ತಾರೆ, ಹೆದರಿದ ಮಗು ಏನಾದರೂ ಆದಾಗ ಮುಚ್ಚಿಡುತ್ತದೆ. ಮೊದಲ ನಾಲ್ಕು ವಾರ ಕಾಗದದ ಮೇಲೆ ಓದಲಿ, ಐದನೆಯ ವಾರ ಪರದೆ. ಎಡಪುಟದಲ್ಲಿ ಈಗ ಒಂದು ಫಾರ್ವರ್ಡ್‌ನ ವಾಕ್ಯ. ಬಲಪುಟದಲ್ಲಿ ಮೂರು ಸಾಲು: ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು? ಇದನ್ನೇ ಬೇರೆ ಯಾರು ಹೇಳಿದ್ದಾರೆ?

ಮೊದಲ ಅಭ್ಯಾಸಕ್ಕೆ ನಮ್ಮ ಬೆಂಗಳೂರಿನದ್ದೇ ಒಳ್ಳೆಯ ಉದಾಹರಣೆ ಇದೆ. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರಿಗೆ ಹೆಸರು ಬಂತು ಎಂಬುದು ಎಲ್ಲ ಮಕ್ಕಳಿಗೂ ಗೊತ್ತು. ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಆಳಿದ್ದು 12ನೇ ಶತಮಾನದ ಕೊನೆ, 13ನೆಯದರ ಆರಂಭದಲ್ಲಿ. ಆದರೆ ಬೇಗೂರಿನ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನದಲ್ಲೇ 'ಬೆಂಗಳೂರ' ಕಾಳಗದ ಮಾತಿದೆ. ಎರಡನ್ನೂ ಎರಡು ಟ್ಯಾಬಿನಲ್ಲಿ ತೆರೆಸಿ, ಕಾಲ ಬರೆಸಿ, ಸುಮ್ಮನಿರಿ. ಮಕ್ಕಳೇ ಹೇಳುತ್ತಾರೆ. ಅಜ್ಜಿಯ ಕಥೆ ಹಾಗಾದರೆ ಸುಳ್ಳಾ ಎಂಬ ಪ್ರಶ್ನೆ ಬಂದೇ ಬರುತ್ತದೆ. ಐತಿಹ್ಯ ಬೇರೆ, ದಾಖಲೆ ಬೇರೆ ಎಂದು ಮಾತಾಡಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ಎರಡನೆಯದಕ್ಕೆ ಮಳೆ ರಜೆ. ರಜೆ ಘೋಷಿಸುವುದು ಜಿಲ್ಲಾಧಿಕಾರಿ. ಆದೇಶದಲ್ಲಿ ಜಿಲ್ಲೆ ನಮ್ಮದೋ ಪಕ್ಕದ್ದೋ, ದಿನಾಂಕಕ್ಕೂ ವಾರಕ್ಕೂ ಹೊಂದಾಣಿಕೆ ಇದೆಯೋ, ಇಸವಿ ಹಳೆಯದೋ, ತಿದ್ದಿದ ಕಡೆ ಅಕ್ಷರದ ಗಾತ್ರ ಬೇರೆಯೋ ನೋಡಲಿ. ಬಹಳಷ್ಟು ಸಲ ಹಳೆಯ ನಿಜವಾದ ಆದೇಶವೇ ಮತ್ತೆ ಸುತ್ತುತ್ತಿರುತ್ತದೆ.

ವಾಟ್ಸಾಪ್‌ನಲ್ಲಿ ಐದು ಅಥವಾ ಹೆಚ್ಚು ಕೈ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬೀಳುತ್ತದೆ. ಎಷ್ಟು ಸುತ್ತಿದೆ ಎಂಬುದಷ್ಟೇ ಅದರಿಂದ ತಿಳಿಯುವುದು, ನಿಜವೋ ಸುಳ್ಳೋ ಎಂಬುದಲ್ಲ. ಕಾಪಿ ಮಾಡಿ ಹೊಸದಾಗಿ ಪೇಸ್ಟ್ ಮಾಡಿದರೆ ಬಾಣ ಮಾಯ, ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೂ ಅಷ್ಟೇ. ಇದನ್ನು ಹೇಳದೆ ಬಿಟ್ಟರೆ 'ಬಾಣ ಇಲ್ಲ, ಹಾಗಾದರೆ ನಿಜ' ಎಂದು ತಿಳಿದುಕೊಳ್ಳುತ್ತಾರೆ. ಹುಡುಕಿದಾಗ ಮೇಲ್ಗಡೆ ಎಐ ಕೊಡುವ ಉತ್ತರವನ್ನು ಬಲಪುಟದ ಆಧಾರವಾಗಿ ಬರೆಯುವಂತಿಲ್ಲ. ಅದರ ಕೆಳಗಿನ ಕೊಂಡಿ ತೆರೆದು, ಆ ಪುಟದಲ್ಲಿ ನಿಜಕ್ಕೂ ಹಾಗೆ ಬರೆದಿದೆಯೇ ಎಂದು ನೋಡಿದ ಮೇಲೆ ಬರೆಯಬಹುದು.

11 ಕಂಪ್ಯೂಟರ್‌ಗೆ ನಾಲ್ಕು ನಾಲ್ಕು ಮಕ್ಕಳು: ಟೈಪ್ ಮಾಡುವವರು, ಗಟ್ಟಿಯಾಗಿ ಓದುವವರು, ಬರೆದುಕೊಳ್ಳುವವರು, 'ಹೇಗೆ ಗೊತ್ತು' ಎಂದು ಕೇಳುವವರು. ವಾರವಾರ ಕೆಲಸ ಬದಲಿಸಿ. ಇಲ್ಲದಿದ್ದರೆ ಜೋರಿನ ಒಬ್ಬ ಹುಡುಗನ ಕೈಲೇ ಮೌಸ್ ಉಳಿಯುತ್ತದೆ. ಬೇಕಾದ ಪುಟಗಳನ್ನು ಹಿಂದಿನ ದಿನವೇ ಪ್ರಿಂಟ್ ತೆಗೆದಿಡಿ, ನೆಟ್ ಕೈಕೊಡುವುದು ಅದೇ ಪೀರಿಯಡ್‌ನಲ್ಲಿ.

ಕನ್ನಡ ಟೀಚರ್, ವಿಜಯನಗರ

ಇಬ್ಬರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ. ತಿದ್ದಿದ ಫೋಟೊ ಈಗಾಗಲೇ ಗ್ರೂಪಿನಲ್ಲಿ ಸುತ್ತುತ್ತಿದ್ದರೆ ಶಾಲೆ ಮೊದಲು ಮಾಡಬೇಕಾದ್ದೇನು? ಮತ್ತೆ, ಮನೆಯಲ್ಲಿ ತೆಲುಗು, ಉರ್ದು, ಹಿಂದಿ ಆಡುವ ಹತ್ತು-ಹನ್ನೆರಡು ಮಕ್ಕಳು ಕನ್ನಡ ನಿಧಾನವಾಗಿ ಓದುತ್ತಾರೆ. 12 ನಿಮಿಷದಲ್ಲಿ ಅವರು ಅರ್ಧ ಹಾಳೆಯನ್ನೂ ಮುಗಿಸುವುದಿಲ್ಲ.

ಆಪ್ತಸಮಾಲೋಚಕಿ, ಜಯನಗರ

ಫೋಟೊ ವಿಷಯ ನಾನು ಹೇಳುತ್ತೇನೆ ಟೀಚರ್. 'ಎಲ್ಲರೂ ಡಿಲೀಟ್ ಮಾಡಿ' ಎಂದು ಗುಡುಗುವುದು ಮೊದಲ ಹೆಜ್ಜೆ ಅಲ್ಲ. ಮೊದಲು ಯಾರ ಫೋಟೊವೋ ಆ ಮಗುವನ್ನು ಒಬ್ಬಂಟಿಯಾಗಿ, ನಿಧಾನವಾಗಿ ಮಾತಾಡಿಸಿ. ತಪ್ಪು ನಿನ್ನದಲ್ಲ ಎಂದು ಬಾಯಿಬಿಟ್ಟು ಹೇಳಿ. ಆಮೇಲೆ ಕಳಿಸಿದ ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ವಾಟ್ಸಾಪ್‌ನಲ್ಲೇ ರಿಪೋರ್ಟ್ ಮಾಡಿಸಿ, ನಂತರ ಅಳಿಸಲು ಹೇಳಿ. ಎರಡೂ ಕಡೆಯ ಪೋಷಕರನ್ನು ಒಂದೇ ಕೋಣೆಯಲ್ಲಿ ಕೂರಿಸಬೇಡಿ. ಬೇರೆ ಬೇರೆ ಕರೆಸಿ.

ಆದರೆ ಚಿತ್ರ ನಗ್ನವಾಗಿದ್ದರೆ ಅಥವಾ ಹಾಗೆ ತಿದ್ದಿದ್ದರೆ ಸ್ಕ್ರೀನ್‌ಶಾಟ್ ಕೂಡ ಬೇಡ. ನಿಮ್ಮ ಫೋನಿಗೆ ತರಿಸಿಕೊಳ್ಳಬೇಡಿ, ಹೆಡ್‌ಮಾಸ್ಟರಿಗೆ ತೋರಿಸಲೆಂದೂ ಕಳಿಸಬೇಡಿ. ಮಕ್ಕಳ ಅಂಥ ಚಿತ್ರ ಹಂಚುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ನಂಬರ್, ಗ್ರೂಪಿನ ಹೆಸರು, ಸಮಯ ಬರೆದಿಟ್ಟುಕೊಳ್ಳಿ. ಇಂಥದ್ದು ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸುವುದು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ಕಡ್ಡಾಯ, ಶಾಲೆಯ ಹೆಸರು ಕೆಡುತ್ತದೆಂದು ಒಳಗೇ ಮುಗಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930. ಎರಡೂ ನಂಬರನ್ನು ಮಕ್ಕಳು ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದುಕೊಳ್ಳಲಿ.

ಶಾಲೆಯೂ ತನ್ನ ಕಡೆ ನೋಡಿಕೊಳ್ಳಬೇಕು. ಬಹುಮಾನ ಪಡೆದ ಮಗುವಿನ ಫೋಟೊ, ಹೆಸರು, ತರಗತಿ ಎಲ್ಲವನ್ನೂ ಶಾಲೆಯ ಪೇಜಿನಲ್ಲಿ ಹಾಕುತ್ತಾ, ಮಕ್ಕಳಿಗೆ ಮಾತ್ರ ಫೋಟೊ ಹಂಚಬೇಡಿ ಅಂದರೆ ಯಾರು ಕೇಳುತ್ತಾರೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಪ್ರವೇಶದ ಫಾರಂನ ಮೂಲೆಯಲ್ಲಿ ಹಾಕಿಸಿಕೊಂಡ ಒಂದು ಸಹಿಯನ್ನು ಎಲ್ಲಕ್ಕೂ ಬಳಸಬೇಡಿ. ಫೋಟೊಗೆ ಪ್ರತ್ಯೇಕವಾಗಿ ಕೇಳಿ, ಮಗುವನ್ನೂ ಕೇಳಿ.

ಗ್ರಂಥಪಾಲಕಿ, ಬಸವನಗುಡಿ

ನಿಧಾನ ಓದುವವರಿಗೆ ಬೇರೆ, ಸುಲಭದ ಪಠ್ಯ ಕೊಟ್ಟರೆ ತರಗತಿಯ ಮಾತಿನಿಂದ ಅವರು ಹೊರಗುಳಿಯುತ್ತಾರೆ. ಅದೇ ಪಠ್ಯವನ್ನೇ ಕೊಡಿ, ನಡುವಿನ 120ರಿಂದ 150 ಪದಕ್ಕೆ ಚೌಕ ಹಾಕಿ. ಚೌಕದೊಳಗಿನದ್ದು ಓದಿದರೆ ಸಾಕು, ಉಳಿದದ್ದನ್ನು ಜೊತೆಗಾರ ಮೆಲ್ಲಗೆ ಓದಿ ಹೇಳಲಿ. ಎಡಪುಟದ ವಾಕ್ಯ ಮಾತ್ರ ಕನ್ನಡದಲ್ಲೇ ಇರಬೇಕು, ನೋಡಿಕೊಂಡು ಬರೆದರೂ ಸರಿ. ಬಲಪುಟ ತೆಲುಗಿನಲ್ಲೋ ಉರ್ದುವಿನಲ್ಲೋ ಬರಲಿ, ಬರೆಯಲು ಬಾರದಿದ್ದರೆ ಚಿತ್ರ ಬರಲಿ, ಅದನ್ನು ಅದಲುಬದಲಿನ 5 ನಿಮಿಷದಲ್ಲಿ ಬಾಯಲ್ಲಿ ಕನ್ನಡದಲ್ಲಿ ಹೇಳಿಸಿ. ಜೊತೆಗಾರನಾಗಿ ತರಗತಿಯ ಮೊದಲ ರ‍್ಯಾಂಕಿನವರನ್ನು ಹಾಕಬೇಡಿ. ಅವರು ತಾವೇ ಉತ್ತರ ಹೇಳಿ ಮುಗಿಸಿಬಿಡುತ್ತಾರೆ. ಸ್ವಲ್ಪವೇ ಮುಂದಿರುವ, ತಾಳ್ಮೆಯಿರುವ ಮಗು ಸರಿ. ಒಂದು ಸುತ್ತು ಮುಗಿದ ಮೇಲೆ ಚೌಕವನ್ನು ಒಂದೊಂದು ಪ್ಯಾರಾದಷ್ಟು ದೊಡ್ಡದು ಮಾಡುತ್ತಾ ಹೋಗಿ.