ಪದಚರ್ಚೆ: ಹಿಂದಿದ್ದ ತಂಡ ಗೆದ್ದರೆ ಏನೆನ್ನಬೇಕು? ಆಟಗಾರನ ಫಾರ್ಮ್‌ಗೆ ಏನೆನ್ನಬೇಕು?

ಗೆಳೆಯರೇ,

ಬೇಸ್‌ಬಾಲ್ ಅಷ್ಟಾಗಿ ನೋಡದ ಕನ್ನಡ ಓದುಗರಿಗಾಗಿ 2024ರ ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ, ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್) ಕೊನೆಯ ಪಂದ್ಯದ ಬಗ್ಗೆ ಬರೆಯುತ್ತಿದ್ದೇನೆ. ಎರಡು ಪದಗಳು ಬಗೆಹರಿಯುತ್ತಿಲ್ಲ. ಒಂದು ಕಮ್‌ಬ್ಯಾಕ್, ಇನ್ನೊಂದು ಫಾರ್ಮ್. ನಿಮ್ಮ ಸಲಹೆ ಬೇಕು.

ಮೊದಲು ಆಟದ ಕಥೆ. ಅದು ಗೊತ್ತಿಲ್ಲದೆ ಪದ ಆರಿಸುವುದು ಕಷ್ಟ. ಅಕ್ಟೋಬರ್ 30, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ. ಸರಣಿಯಲ್ಲಿ ಲಾಸ್ ಏಂಜಲಿಸ್ ಡಾಡ್ಜರ್ಸ್ 3–1ರಿಂದ ಮುಂದಿತ್ತು. ಆದರೆ ಈ ಪಂದ್ಯದಲ್ಲಿ ಮೂರು ಇನಿಂಗ್ಸ್ (ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡುವ ಸುತ್ತು) ಮುಗಿಯುವಷ್ಟರಲ್ಲಿ ನ್ಯೂಯಾರ್ಕಿನ ತಂಡ ಯಾಂಕೀಸ್ 5–0 ಮುನ್ನಡೆ ಪಡೆದಿತ್ತು. ಅವರ ಪಿಚರ್ (ಚೆಂಡು ಎಸೆಯುವವರು) ಗೆರಿಟ್ ಕೋಲ್ ನಾಲ್ಕು ಇನಿಂಗ್ಸ್‌ವರೆಗೆ ಒಂದೂ ಹಿಟ್ (ಹೊಡೆದ ಚೆಂಡಿನ ಬಲದಿಂದಲೇ ಬ್ಯಾಟರ್ ಓಟದ ನಿಲ್ದಾಣ, ಅಂದರೆ ಬೇಸ್, ತಲುಪುವುದು) ಬಿಟ್ಟುಕೊಟ್ಟಿರಲಿಲ್ಲ.

ಐದನೆಯ ಇನಿಂಗ್ಸ್‌ನಲ್ಲಿ ಆಟ ಬದಲಾಯಿತು. ಯಾಂಕೀಸ್‌ನ ಆರನ್ ಜಡ್ಜ್ ಸುಲಭದ ಕ್ಯಾಚ್ ಕೈಬಿಟ್ಟರು. ಅವರದೇ ತಂಡದ ಆ್ಯಂಥನಿ ವೊಲ್ಪಿ ಮೂರನೇ ಬೇಸ್‌ಗೆ ಎಸೆದ ಚೆಂಡು ಸರಿಯಾಗಿ ಹೋಗಲಿಲ್ಲ. ಮೂರೂ ಬೇಸ್ ತುಂಬಿದವು. ಆಮೇಲೂ ಕೋಲ್ ಇಬ್ಬರನ್ನು ಔಟ್ ಮಾಡಿದರು. ಇನ್ನೊಬ್ಬರು ಔಟಾದರೆ ಡಾಡ್ಜರ್ಸ್‌ನ ಆ ಸರದಿ ಮುಗಿಯಿತು. ಡಾಡ್ಜರ್ಸ್‌ನ ಮೂಕಿ ಬೆಟ್ಸ್ ಹೊಡೆದ ಚೆಂಡು ಮೆಲ್ಲಗೆ ನೆಲದ ಮೇಲೆ ಉರುಳಿಕೊಂಡು ಮೊದಲ ಬೇಸ್ ಕಡೆ ಹೋಯಿತು. ಕೋಲ್ ಓಡಿ ಹೋಗಿ ಬೇಸ್ ಕಾಯಬೇಕಿತ್ತು, ಹೋಗಲಿಲ್ಲ. ಒಂದು ರನ್ ಬಂತು. ಅದೇ ತಂಡದ ಫ್ರೆಡ್ಡಿ ಫ್ರೀಮನ್ ಎರಡು ರನ್ ತಂದರು, ಟಿಯೋಸ್ಕರ್ ಹರ್ನಾಂಡೆಸ್ ಇನ್ನೆರಡು. 5–5. ಯಾಂಕೀಸ್ ಮತ್ತೆ 6–5 ಆದರು. ಎಂಟನೆಯ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್ ಎರಡು ರನ್ ಸೇರಿಸಿ 7–6ರಿಂದ ಗೆದ್ದು ಕಪ್ ಎತ್ತಿದರು.

ಈಗ ಪದಕ್ಕೆ ಬರೋಣ. ನಮ್ಮ ಕ್ರಿಕೆಟ್ ವರದಿಗಳಲ್ಲಿ 'ಗುರಿ ಬೆನ್ನಟ್ಟಿ ಗೆದ್ದರು' ಅಂತೇವೆ. ಇಲ್ಲಿ ಅದು ನಡೆಯುವುದಿಲ್ಲ. ಸಾಮಾನ್ಯವಾಗಿ ಎರಡೂ ತಂಡ ಸರದಿಯಲ್ಲಿ ಒಂಬತ್ತು ಸಲ ಬ್ಯಾಟ್ ಮಾಡುತ್ತವೆ. ಮುಂದಿರುವ ತಂಡವೂ ರನ್ ಗಳಿಸುತ್ತಲೇ ಇರುತ್ತದೆ. ನಿಂತ ಗುರಿ ಅನ್ನುವುದೇ ಇಲ್ಲ. 'ಕಮ್‌ಬ್ಯಾಕ್' ಅಂತಲೇ ಬರೆದರೆ, ಗಾಯಗೊಂಡಿದ್ದ ಆಟಗಾರ ತಂಡಕ್ಕೆ ಮರಳಿದ ಅನ್ನೋ ಅರ್ಥವೂ ಬರುತ್ತದೆ.

'ತಿರುಗಿಬಿದ್ದು ಗೆದ್ದರು' ಅನ್ನುವುದು ನನಗೆ ತುಂಬಾ ಇಷ್ಟ, ಅದರಲ್ಲಿ ಕೆಚ್ಚು ಇದೆ. ಆದರೆ ಇದಕ್ಕೆ ಹೊಂದುತ್ತದಾ? ಐದನೆಯ ಇನಿಂಗ್ಸ್‌ನ ಐದೂ ರನ್‌ಗಳು ಪಿಚರ್‌ನ ಲೆಕ್ಕಕ್ಕೆ ಸೇರಲಿಲ್ಲ. ಫೀಲ್ಡರ್‌ಗಳ ತಪ್ಪು ಇಲ್ಲದಿದ್ದರೆ ಆ ರನ್‌ಗಳು ಬರುತ್ತಿರಲಿಲ್ಲ ಅಂತ ಸ್ಕೋರ್ ಪುಸ್ತಕವೇ ಹೇಳುತ್ತದೆ. ಎದುರಾಳಿ ಬಾಗಿಲು ತೆರೆದಾಗ ನುಗ್ಗಿದವರಿಗೆ 'ತಿರುಗಿಬಿದ್ದರು' ಅಂದರೆ ಜಾಸ್ತಿ ಆಯಿತು ಅನಿಸುತ್ತದೆ. 'ಹಿಂದೆ ಬಿದ್ದು ಗೆದ್ದರು' ಅಂದರೆ ಹಟ ಹಿಡಿದು ಬೆನ್ನು ಹತ್ತಿದರು ಅಂತಾಗುತ್ತದೆ. ಸದ್ಯಕ್ಕೆ ನಾನು 'ಐದು ರನ್ ಹಿಂದಿದ್ದು ಗೆದ್ದರು' ಅಂತ ಬರೆದಿದ್ದೇನೆ. ಅರ್ಥ ನೇರವಾಗಿದೆ. ತಲೆಬರಹಕ್ಕೆ ಮಾತ್ರ ಸಪ್ಪೆ.

ಅಂದಹಾಗೆ, ಕೋಲ್ ಬೇಸ್ ಕಾಯದೆ ನಿಂತದ್ದು ಲೆಕ್ಕದಲ್ಲಿ 'ಎರರ್' (ಫೀಲ್ಡರ್‌ನ ತಪ್ಪು ಅಂತ ಸ್ಕೋರ್ ಪುಸ್ತಕದಲ್ಲಿ ಬರೆಯುವುದು) ಅಲ್ಲ. ಬೆಟ್ಸ್‌ಗೆ ಹಿಟ್ ಅಂತಲೇ ಬರೆದುಕೊಂಡರು. ಜಡ್ಜ್ ಮತ್ತು ವೊಲ್ಪಿ ಮಾಡಿದ್ದು ಎರರ್. ಮೂರಕ್ಕೂ 'ತಪ್ಪು' ಅಂದರೆ ಈ ವ್ಯತ್ಯಾಸ ಹೋಗಿಬಿಡುತ್ತದೆ. ಅದಕ್ಕೇ 'ಎರರ್' ಪದವನ್ನು ಹಾಗೇ ಉಳಿಸಿಕೊಂಡೆ.

ಇನ್ನು ಫಾರ್ಮ್. ಪತ್ರಿಕೆಗಳಲ್ಲಿ 'ಲಯ' ನೆಲೆಯೂರಿದೆ. 'ಲಯಕ್ಕೆ ಮರಳಿದ', 'ಲಯ ಕಳೆದುಕೊಂಡ' ಎಲ್ಲರಿಗೂ ಅರ್ಥವಾಗುತ್ತದೆ. ಬ್ಯಾಟ್ ಬೀಸುವವನಿಗೆ ಅದು ಹೊಂದುತ್ತದೆ ಕೂಡ. ಆದರೆ ಫ್ರೀಮನ್ ಅವರನ್ನು ನೋಡಿ. ಸೆಪ್ಟೆಂಬರ್ ಕೊನೆಯಲ್ಲಿ ಅವರ ಪಾದದ ಕೀಲು ಉಳುಕಿತ್ತು. ವರ್ಲ್ಡ್ ಸೀರೀಸ್‌ಗೂ ಮುಂಚಿನ ನಾಕೌಟ್ ಸುತ್ತುಗಳಲ್ಲಿ ಕುಂಟುತ್ತಲೇ ಆಡಿದರು, ಒಂದೂ ಹೋಮ್ ರನ್ (ಚೆಂಡನ್ನು ಮೈದಾನದಾಚೆ ಹೊಡೆಯುವುದು) ಬರಲಿಲ್ಲ. ವರ್ಲ್ಡ್ ಸೀರೀಸ್ ಶುರುವಾದ ಮೇಲೆ ಮೊದಲ ನಾಲ್ಕು ಪಂದ್ಯದಲ್ಲೂ ಹೋಮ್ ರನ್, ಒಟ್ಟು 12 ರನ್ ತಂದು ಸರಣಿಯ ಶ್ರೇಷ್ಠ ಆಟಗಾರರಾದರು. ಮೊದಲ ಪಂದ್ಯದಲ್ಲಿ ಹೆಚ್ಚುವರಿಯಾಗಿ ಆಡಿದ ಹತ್ತನೆಯ ಇನಿಂಗ್ಸ್‌ನಲ್ಲಿ, ಮೂರೂ ಬೇಸ್ ತುಂಬಿದ್ದಾಗ ಅವರು ಹೊಡೆದ ಹೋಮ್ ರನ್ ನೋಡಿದವರು ಮರೆಯಲಾರರು. ಇದಕ್ಕೆ 'ಲಯ' ಸಾಕಾ? ಕಾಲು ವಾಸಿಯಾದದ್ದು, ಧೈರ್ಯ ಬಂದದ್ದು, ಬ್ಯಾಟಿಗೆ ಚೆಂಡು ಸಿಕ್ಕಿದ್ದು ಎಲ್ಲ ಸೇರಿ ಆದ ಮಾತು ಅದು.

ನನಗೆ ಹೊಳೆದದ್ದು 'ಕುದುರು'. ವ್ಯಾಪಾರ ಕುದುರಿತು, ಮೈ ಕುದುರಿತು, ಕೈ ಕುದುರಿತು ಅಂತೇವಲ್ಲ, ಹಾಗೆಯೇ 'ಫ್ರೀಮನ್ ಆಟ ಕುದುರಿತು'. ಆರೋಗ್ಯವೂ ಆಟವೂ ಒಂದೇ ಪದದಲ್ಲಿ ಬಂತು ನೋಡಿ.

ಇದರ ಉಲ್ಟಾಕ್ಕೆ 'ಬರ' ಇದೆ. ಜಡ್ಜ್ ಆ ವರ್ಷ ಲೀಗ್ ಹಂತದಲ್ಲಿ 58 ಹೋಮ್ ರನ್ ಹೊಡೆದವರು. ನಂತರದ ನಾಕೌಟ್ ಪಂದ್ಯಗಳಲ್ಲಿ ಬ್ಯಾಟಿಂಗ್ ಸರಾಸರಿ .184ಕ್ಕೆ (ನೂರು ಯತ್ನಕ್ಕೆ ಸುಮಾರು 18 ಹಿಟ್) ಇಳಿಯಿತು. 'ಹಿಟ್‌ಗಳ ಬರ' ಅಂದರೆ ಸಾಕು, ವಿವರಿಸಬೇಕಿಲ್ಲ.

'ಆಟ ಕುದುರಿತು' ಅನ್ನುವುದು ನಿಮ್ಮ ಕಡೆ ಬಳಕೆಯಲ್ಲಿದೆಯೇ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ತಿಳಿಸಿ. ಕಬಡ್ಡಿಯಲ್ಲಿ ಹಿಂದಿದ್ದ ತಂಡ ಗೆದ್ದಾಗ ಮೈದಾನದಲ್ಲಿ ಜನ ಏನಂತಾರೆ ಅನ್ನುವುದನ್ನೂ ಬರೆಯಿರಿ. ನನ್ನ ತಲೆಬರಹಕ್ಕೆ ಬೇಕಾದ ಮಾತು ಅಲ್ಲೇ ಇರಬಹುದು.